ಆಹಾರ, ಕರುಳಿನ ಬ್ಯಾಕ್ಟೀರಿಯಾ ಮತ್ತು ಸೋಂಕು ತಡೆ

ಮನುಷ್ಯನ ಕರುಳಿನಲ್ಲಿ, ಅದರಲ್ಲೂ ದೊಡ್ಡ ಕರುಳಿನಲ್ಲಿ, ನೆಲೆಸಿರುವ ಬ್ಯಾಕ್ಟೀರಿಯಾಗಳು ಹೊರಗಿನಿಂದ ಬರುವ ರೋಗಾಣುಗಳು ಬೇರೂರದಂತೆ ತಡೆಯುತ್ತವೆ. ಈ ತಡೆ ಎಷ್ಟು ಗಟ್ಟಿ ಎಂಬುದು ಬಹುಮಟ್ಟಿಗೆ ದಿನನಿತ್ಯದ ಊಟವನ್ನು ಅವಲಂಬಿಸಿದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು 2016ರಲ್ಲಿ ಹಾಕಿದ ಲೆಕ್ಕದಂತೆ ಒಬ್ಬ ವಯಸ್ಕನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ. ಅವುಗಳ ಒಟ್ಟು ತೂಕ ಸುಮಾರು 200 ಗ್ರಾಂ. ಹೆಚ್ಚಿನವು ಇರುವುದು ದೊಡ್ಡ ಕರುಳಿನಲ್ಲೇ.

ಈ ಕಾವಲಿನ ಬೆಲೆ ಮೊದಲು ತಿಳಿದದ್ದು ಅದನ್ನು ಕಳೆದುಕೊಂಡ ಇಲಿಗಳಿಂದ. 1950ರ ದಶಕದಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಮಾರ್ಜೊರಿ ಬಾನ್‌ಹಾಫ್ ಮತ್ತು ಫಿಲಿಪ್ ಮಿಲ್ಲರ್ ಅವರು ಇಲಿಗಳಿಗೆ ಸ್ಟ್ರೆಪ್ಟೊಮೈಸಿನ್ ಕೊಟ್ಟು, ಆಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ನುಂಗಿಸಿದರು. ಔಷಧಿ ಕೊಡದ ಇಲಿಗಳಿಗೆ ಸೋಂಕು ತಗಲಬೇಕಾದರೆ ಸುಮಾರು ಒಂದು ಲಕ್ಷ ರೋಗಾಣುಗಳು ಬೇಕಾಗುತ್ತಿದ್ದವು. ಔಷಧಿ ಕೊಟ್ಟವಕ್ಕೆ ಹತ್ತಕ್ಕಿಂತ ಕಡಿಮೆ ಸಾಕಾದವು. ಡಚ್ ವಿಜ್ಞಾನಿ ಡಿರ್ಕ್ ವಾನ್ ಡರ್ ವಾಯ್ 1971ರಲ್ಲಿ ಈ ತಡೆಗೆ ‘ಕಾಲನೈಸೇಷನ್ ರೆಸಿಸ್ಟೆನ್ಸ್’ ಎಂಬ ಹೆಸರು ಕೊಟ್ಟರು.

ಊಟದ ಪಾತ್ರ ಶುರುವಾಗುವುದು ನಮಗೆ ಜೀರ್ಣವಾಗದ ಭಾಗದಿಂದ. ಸಕ್ಕರೆ, ಕೊಬ್ಬು, ಬೆಂದ ಪಿಷ್ಟದ ಬಹುಪಾಲು ಸಣ್ಣ ಕರುಳಿನಲ್ಲೇ ಹೀರಲ್ಪಡುತ್ತವೆ. ಧಾನ್ಯದ ತೌಡು, ಕಾಳಿನ ಸಿಪ್ಪೆ, ಸೊಪ್ಪಿನ ನಾರು, ಬಾಳೆಕಾಯಿಯ ಗಟ್ಟಿ ಪಿಷ್ಟ ಇವುಗಳನ್ನು ನಮ್ಮ ಕಿಣ್ವಗಳು ಒಡೆಯಲಾರವು. ಅವು ಹಾಗೆಯೇ ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿನ ಬ್ಯಾಕ್ಟೀರಿಯಾಗಳ ಬಳಿ ಅದಕ್ಕೆ ಬೇಕಾದ ಕಿಣ್ವಗಳು ನೂರಾರಿವೆ. ಅವು ನಾರನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ.

ರಕ್ಷಣೆಯ ಗುಟ್ಟು ಬಹುಮಟ್ಟಿಗೆ ಈ ಆಮ್ಲಗಳಲ್ಲಿದೆ. ದೊಡ್ಡ ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಬ್ಯುಟಿರೇಟೇ ಮುಖ್ಯ ಇಂಧನ. ಅದನ್ನು ಉರಿಸಲು ಅವು ಆಮ್ಲಜನಕವನ್ನು ಬಳಸಿಬಿಡುವುದರಿಂದ ಕರುಳಿನೊಳಗೆ ಆಮ್ಲಜನಕ ಸೋರುವುದಿಲ್ಲ. ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳಿಗೆ ಇದೇ ಬೇಕಾದ ವಾತಾವರಣ. ಇ. ಕೋಲಿ, ಸಾಲ್ಮೊನೆಲ್ಲಾಗಳಾದರೋ ಆಮ್ಲಜನಕ ಸಿಕ್ಕರೆ ವೇಗವಾಗಿ ಹೆಚ್ಚುವ ಜಾತಿಯವು. ಬ್ಯುಟಿರೇಟ್ ಕಡಿಮೆಯಾದರೆ ಗೋಡೆಯಿಂದ ಆಮ್ಲಜನಕ ಒಳಗೆ ಜಿನುಗಿ, ಅವುಗಳ ಕೈ ಮೇಲಾಗುತ್ತದೆ. ಅಸಿಟೇಟಿನದು ಬೇರೆ ಕೆಲಸ: ಬೈಫಿಡೊಬ್ಯಾಕ್ಟೀರಿಯಂ ತಯಾರಿಸಿದ ಅಸಿಟೇಟ್ ಕರುಳಿನ ಗೋಡೆಯನ್ನು ಬಲಪಡಿಸಿ, ಮಾರಕ ಇ. ಕೋಲಿ ಒ157 ತಳಿಯ ವಿಷದಿಂದ ಇಲಿಗಳನ್ನು ಉಳಿಸಿದ್ದನ್ನು ಜಪಾನಿನ ವಿಜ್ಞಾನಿಗಳು 2011ರಲ್ಲಿ ತೋರಿಸಿದರು.

ನಾರೇ ಇಲ್ಲದ ಊಟದಲ್ಲಿ ಏನಾಗುತ್ತದೆ? ಹಸಿದ ಬ್ಯಾಕ್ಟೀರಿಯಾಗಳು ಸುಮ್ಮನಿರುವುದಿಲ್ಲ. ಕರುಳಿನ ಗೋಡೆಯನ್ನು ಹೊದ್ದುಕೊಂಡಿರುವ ಲೋಳೆ ಪದರದಲ್ಲೂ ಸಕ್ಕರೆಯ ಸರಪಳಿಗಳಿವೆ. ಅವು ಅದನ್ನೇ ತಿನ್ನತೊಡಗುತ್ತವೆ. ಮಿಷಿಗನ್ ವಿಶ್ವವಿದ್ಯಾಲಯದ ಎರಿಕ್ ಮಾರ್ಟೆನ್ಸ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮನುಷ್ಯರ ಬ್ಯಾಕ್ಟೀರಿಯಾಗಳನ್ನು ಹೊತ್ತ ಇಲಿಗಳಿಗೆ ನಾರಿಲ್ಲದ ಆಹಾರ ಕೊಟ್ಟಾಗ ಲೋಳೆ ಪದರ ತೆಳುವಾಯಿತು, ಸಿಟ್ರೊಬ್ಯಾಕ್ಟರ್ ಎಂಬ ರೋಗಾಣು ಗೋಡೆಯನ್ನು ಸುಲಭವಾಗಿ ಮುಟ್ಟಿತು. ಈ ವಿಷಯದ ಸಂಶೋಧನೆಗಳಲ್ಲಿ ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಇನ್ನೊಂದಿಲ್ಲ ಎನ್ನಬಹುದು. ಆದರೂ ಇದು ಇಲಿಗಳಲ್ಲಿ ಕಂಡದ್ದು ಎಂಬುದನ್ನು ಮರೆಯಬಾರದು.

ಮನುಷ್ಯರ ಕುರಿತು ಕೇಂಬ್ರಿಜ್ ವಿಶ್ವವಿದ್ಯಾಲಯದ ತಂಡವೊಂದು 2025ರಲ್ಲಿ ಪ್ರಕಟಿಸಿದ ಅಧ್ಯಯನ 45 ದೇಶಗಳ 12,000ಕ್ಕೂ ಹೆಚ್ಚು ಮಲದ ಮಾದರಿಗಳ ಡಿಎನ್‌ಎ ಮಾಹಿತಿಯನ್ನು ಆಧರಿಸಿದೆ. ನಾರಿನಿಂದ ಬ್ಯುಟಿರೇಟ್ ತಯಾರಿಸುವ ಫೀಕಲಿಬ್ಯಾಕ್ಟೀರಿಯಂ ಹೆಚ್ಚಿದ್ದ ಕರುಳುಗಳಲ್ಲಿ ಇ. ಕೋಲಿಯ ಬಳಗ ಕಡಿಮೆಯಿತ್ತು. ಎರಡೂ ಒಟ್ಟಿಗೆ ಕಾಣುವುದು ಅಪರೂಪ ಎಂದಷ್ಟೇ ಇದರಿಂದ ಹೇಳಬಹುದು. ಒಂದರಿಂದಲೇ ಇನ್ನೊಂದು ಎಂದು ಸಾಧಿಸಲು ಪ್ರಯೋಗಗಳು ಬೇಕು.

ಅಂಥ ಪ್ರಯೋಗಗಳಲ್ಲಿ ಎರಡು ಭಾರತದವು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಬಿ. ಎಸ್. ರಾಮಕೃಷ್ಣ ಮತ್ತು ಸಹೋದ್ಯೋಗಿಗಳು ಕಾಲರಾ ರೋಗಿಗಳಿಗೆ ಕೊಡುವ ಒಆರ್‌ಎಸ್ ದ್ರಾವಣಕ್ಕೆ ಸಣ್ಣ ಕರುಳಿನಲ್ಲಿ ಕರಗದ ಮೆಕ್ಕೆಜೋಳದ ಪಿಷ್ಟವನ್ನು ಬೆರೆಸಿದರು. ಮಾಮೂಲಿ ಒಆರ್‌ಎಸ್ ಕೆಲಸ ಮಾಡುವುದು ಸಣ್ಣ ಕರುಳಿನಲ್ಲಿ. ಈ ಪಿಷ್ಟ ಅದನ್ನು ದಾಟಿ ಕೆಳಗಿಳಿದು ಬ್ಯಾಕ್ಟೀರಿಯಾಗಳಿಗೆ ಆಹಾರವಾಯಿತು. ಅವು ತಯಾರಿಸಿದ ಆಮ್ಲಗಳು ಸೋಡಿಯಂ ಮತ್ತು ನೀರನ್ನು ದೊಡ್ಡ ಕರುಳಿನಿಂದಲೂ ರಕ್ತಕ್ಕೆ ಮರಳಿಸಿದವು. ಭೇದಿ ಬೇಗ ನಿಂತಿತು. ಈ ವರದಿ 2000ದಲ್ಲಿ ಪ್ರಕಟವಾಯಿತು. ಬಾಂಗ್ಲಾದೇಶದಲ್ಲಿ ಮಕ್ಕಳ ದೀರ್ಘಕಾಲದ ಭೇದಿಗೆ ಬೇಯಿಸಿದ ಬಾಳೆಕಾಯಿ ಗುಣ ಕೊಟ್ಟದ್ದರ ಹಿಂದೆಯೂ ಇದೇ ತತ್ವವಿದೆ.

ಎರಡನೆಯದು ಒಡಿಶಾದ ಹಳ್ಳಿಗಳದು. ಪಿನಾಕಿ ಪಾಣಿಗ್ರಾಹಿ ನೇತೃತ್ವದ ತಂಡ 4,556 ಆರೋಗ್ಯವಂತ ನವಜಾತ ಶಿಶುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ ಬ್ಯಾಕ್ಟೀರಿಯಾವನ್ನು ಅದರ ಆಹಾರವಾದ ಫ್ರಕ್ಟೊ-ಆಲಿಗೊಸ್ಯಾಕರೈಡ್ ಸಕ್ಕರೆಯೊಡನೆ ಏಳು ದಿನ ಕೊಟ್ಟಿತು. ರಕ್ತ ನಂಜು ಅಥವಾ ಸಾವಿಗೆ ತುತ್ತಾದವರ ಪ್ರಮಾಣ 9ರಿಂದ 5.4 ಶೇಕಡಕ್ಕೆ ಇಳಿಯಿತು. ಎದೆಹಾಲೂ ಇದೇ ಬಗೆಯಲ್ಲಿ ಕೆಲಸ ಮಾಡುತ್ತದೆ: ಅದರಲ್ಲಿರುವ ಹಲವು ಸಕ್ಕರೆಗಳನ್ನು ಮಗು ಜೀರ್ಣಿಸಿಕೊಳ್ಳಲಾರದು, ಅವು ಬೈಫಿಡೊಬ್ಯಾಕ್ಟೀರಿಯಾಗಳ ಪಾಲು. 

ಇನ್ನು ನಮ್ಮ ದಿನನಿತ್ಯದ ಊಟದಲ್ಲಿ ಈ ನಾರು ಎಷ್ಟಿದೆ ಎಂದು ನೋಡೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ಜೋಳ ರಾಗಿಗೆ ಹತ್ತಿರ ನಿಲ್ಲುತ್ತದೆ, ಕಡಲೆ ಎರಡನ್ನೂ ಮೀರಿಸುತ್ತದೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹುದುಗಿಸಿದ ತಿನಿಸುಗಳಲ್ಲಿ ಮೊಸರು, ಮಜ್ಜಿಗೆ ಜೀವಂತ ಬ್ಯಾಕ್ಟೀರಿಯಾಗಳನ್ನು ಒಯ್ಯುತ್ತವೆ. ಇಡ್ಲಿ ಹಿಟ್ಟಿನವು ಹಬೆಯಲ್ಲಿ ಬೆಂದಾಗ ಬಹುತೇಕ ಸಾಯುತ್ತವೆ. ಊಟ ಬದಲಾದ ಕೆಲವೇ ದಿನಗಳಲ್ಲಿ ಬ್ಯಾಕ್ಟೀರಿಯಾಗಳ ಪ್ರಮಾಣವೂ ಬದಲಾಗುತ್ತದೆ, ಹಳೆಯ ಊಟಕ್ಕೆ ಮರಳಿದರೆ ಅಷ್ಟೇ ಬೇಗ ಹಿಂದಿನಂತಾಗುತ್ತದೆ. ಹಾಗಾಗಿ ಆಗೊಮ್ಮೆ ಈಗೊಮ್ಮೆ ತಿಂದ ಮುದ್ದೆಗಿಂತ ರೂಢಿಯ ಊಟವೇ ಮುಖ್ಯ.

ಈ ರಕ್ಷಣೆಗೆ ಮಿತಿಗಳಿವೆ. ಸಾಲ್ಮೊನೆಲ್ಲಾ ಕರುಳಿನಲ್ಲಿ ಉರಿಯೂತ ಎಬ್ಬಿಸಿ, ಅದರಿಂದ ಹುಟ್ಟುವ ರಾಸಾಯನಿಕಗಳನ್ನೇ ಉಸಿರಾಟಕ್ಕೆ ಬಳಸಿಕೊಂಡು ಕಾವಲನ್ನು ಮುರಿಯಬಲ್ಲದು. ಕಲುಷಿತ ನೀರಿನ ಅಪಾಯವನ್ನು ನಾರು ನೀಗಿಸುವುದಿಲ್ಲ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಜೀವಂತ ಬ್ಯಾಕ್ಟೀರಿಯಾಗಳನ್ನು ಕೊಟ್ಟಾಗ ಅವೇ ರಕ್ತಕ್ಕೆ ಸೇರಿ ಸೋಂಕು ಉಂಟುಮಾಡಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2023ರಲ್ಲಿ ಎಚ್ಚರಿಸಿದೆ.