ಹಳೆಯ ಕೋವಿಗೆ ಬೆಲೆ ಕಟ್ಟುವ ಬಗೆ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಮನೆಯ ಹಿರಿಯನು ಕಾಲವಾದ ತರುವಾಯ ಮಕ್ಕಳು ಅವನ ಸಾಮಾನುಗಳನ್ನು ವಿಂಗಡಿಸುವಾಗ, ಕಪಾಟಿನ ಮೂಲೆಯಲ್ಲಿ ಬೇಟೆಯ ಕೋವಿಯೊಂದು ದೊರೆಯುವುದು ಅಪರೂಪವಲ್ಲ. ಅದರ ನಳಿಗೆಯ ಮೇಲೆ ವಿಂಚೆಸ್ಟರ್ ಎಂಬ ಹೆಸರೂ ‘ಮಾದರಿ 70’ ಎಂಬ ಗುರುತೂ ಇದ್ದರೆ, ಬಲ್ಲವರು ಕೇಳುವ ಮೊದಲನೆಯ ಪ್ರಶ್ನೆ ಒಂದೇ: ಇದು 1964ಕ್ಕೆ ಹಿಂದಿನದೊ, ಮುಂದಿನದೊ? ಹಿಂದಿನದಾದರೆ ಒಂದು ಬೆಲೆ, ಮುಂದಿನದಾದರೆ ಅದಕ್ಕಿಂತ ಬಹಳ ಕಡಮೆಯಾದ ಇನ್ನೊಂದು ಬೆಲೆ. ಎರಡೂ ಒಂದೇ ಕಾರ್ಖಾನೆಯವು, ಎರಡಕ್ಕೂ ಒಂದೇ ಹೆಸರು. ಈ ಭೇದವು ಹೇಗೆ ಹುಟ್ಟಿತೆಂಬುದನ್ನು ಅರಿಯದೆ ಅಂಥ ಕೋವಿಯನ್ನು ಹರಾಜಿಗೆ ಇಡುವವನು ಒಂದೋ ನಷ್ಟಪಡುವನು, ಇಲ್ಲವೆ ತಿಳಿಯದೆಯೇ ಇನ್ನೊಬ್ಬನಿಗೆ ನಷ್ಟವನ್ನುಂಟುಮಾಡುವನು.

ನ್ಯೂ ಹೇವನ್ ನಗರದ ವಿಂಚೆಸ್ಟರ್ ಕಾರ್ಖಾನೆಯು ಸನ್ನೆಯನ್ನು ಕೆಳಕ್ಕೆ ಎಳೆದು ತೋಟಾ ತುಂಬುವ ಕೋವಿಗಳಿಂದ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಖ್ಯಾತಿವೆತ್ತಿದ್ದಿತು. ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ನರ ಕಥನಗಳನ್ನು ಓದಿದವರಿಗೆ ಅವರ .405 ವಿಂಚೆಸ್ಟರಿನ ಪರಿಚಯವುಂಟಷ್ಟೆ. ಅದು ಆ ಜಾತಿಯದು. ಮೊದಲನೆಯ ಮಹಾಯುದ್ಧದಿಂದ ಮರಳಿದ ಸೈನಿಕರಿಗಾದರೋ ಬೋಲ್ಟನ್ನು ಹಿಂದೆಮುಂದೆ ಸರಿಸುವ ರೈಫಲೇ ರೂಢಿಯಾಗಿದ್ದಿತು. ಅವರ ಅಭಿರುಚಿಯನ್ನನುಸರಿಸಿ ಕಂಪೆನಿಯು 1925ರಲ್ಲಿ ಮಾದರಿ 54ನ್ನು ಹೊರತಂದಿತು. 1931ರಲ್ಲಿ ಕಂಪೆನಿಯು ದಿವಾಳಿಯಾಗಿ ಆಲಿನ್ ಮನೆತನದವರ ಕೈಸೇರಿದ ಮೇಲೆ, ಅದೇ ಕೋವಿಯನ್ನು ತಿದ್ದಿ 1936ರಲ್ಲಿ ಮಾದರಿ 70 ಎಂಬ ಹೆಸರಿನಿಂದ ಮಾರಾಟಕ್ಕೆ ಇಟ್ಟರು. ಆಗ ಅದರ ಬೆಲೆ ಸುಮಾರು 61 ಡಾಲರು. ಜರ್ಮನಿಯ ಮೌಸರ್ ಕೋವಿಯಿಂದ ಬಂದ ಉದ್ದವಾದ ಉಕ್ಕಿನ ಉಗುರೊಂದು ಅದರ ಬೋಲ್ಟಿನ ಪಕ್ಕದಲ್ಲಿದ್ದು, ತೋಟಾವು ಪೆಟ್ಟಿಗೆಯಿಂದ ಮೇಲೇರಿದೊಡನೆ ಅದನ್ನು ಕಚ್ಚಿ ಹಿಡಿಯುತ್ತಿದ್ದಿತು. ಹಾರಿಸಿದ ಮೇಲೆ ಬರಿದಾದ ಕೋಶವನ್ನು ಎಳೆದು ಹೊರಗೆ ಹಾಕುತ್ತಿದ್ದಿತು. ಮರದ ಭಾಗದ ಮೇಲೆ ಕೈ ಜಾರದಂತೆ ಕೆತ್ತುವ ಚೌಕಳಿ ಗೆರೆಗಳನ್ನು ಕುಶಲರು ಕೈಯಿಂದಲೇ ಕೊರೆಯುತ್ತಿದ್ದರು.

ಈ ಕೈಕೆಲಸವೇ ಕೊನೆಗೆ ಕಂಪೆನಿಗೆ ಹೊರೆಯಾಯಿತು. ಎರಡನೆಯ ಮಹಾಯುದ್ಧದ ತರುವಾಯ ಕೂಲಿಯು ಏರುತ್ತ ಬಂದಿತು. ಪ್ರತಿಸ್ಪರ್ಧಿಯಾದ ರೆಮಿಂಗ್ಟನ್ ಕಂಪೆನಿಯು 1948ರಲ್ಲಿ ಅಗ್ಗವಾಗಿ ತಯಾರಾಗುವ ಬೋಲ್ಟಿನ ರೈಫಲುಗಳನ್ನೂ, 1962ರಲ್ಲಿ ಮಾದರಿ 700ನ್ನೂ ಹೊರಡಿಸಿತು. ವಿಂಚೆಸ್ಟರಿನವರು ಬೆಲೆಯನ್ನು ಏರಿಸುವ ಬದಲು ಕೆಲಸವನ್ನು ಕಡಮೆ ಮಾಡಲು ನಿಶ್ಚಯಿಸಿದರು. 1964ರ ಮಾದರಿ 70ರಲ್ಲಿ ಆ ಉದ್ದವಾದ ಉಗುರು ಮಾಯವಾಗಿ, ಬೋಲ್ಟಿನ ತುದಿಯಲ್ಲಿ ಚಿಕ್ಕದೊಂದು ಕೊಕ್ಕೆ ಬಂದಿತು. ಚೌಕಳಿ ಗೆರೆಗಳನ್ನು ಕೆತ್ತುವುದನ್ನು ಬಿಟ್ಟು ಅಚ್ಚಿನಿಂದ ಒತ್ತಿದರು. ನಳಿಗೆಗೂ ಮರಕ್ಕೂ ನಡುವೆ ಕಣ್ಣಿಗೆ ಹೊಡೆಯುವಂಥ ಸಂದು ಕಾಣಿಸಿತು. ಹೊಸ ಕೋವಿಯು ಗುರಿಯಲ್ಲಿ ಹಳೆಯದಕ್ಕಿಂತ ಕೀಳೆಂದು ಹೇಳುವುದು ನ್ಯಾಯವಲ್ಲ; ಅದರಿಂದ ಜಿಂಕೆಯನ್ನು ಹೊಡೆದವರಿಗೆ ಕೊರತೆಯೇನೂ ಕಾಣಲಿಲ್ಲ. ಆದರೆ ಅಂಗಡಿಯಲ್ಲಿ ಅದನ್ನು ಕೈಗೆತ್ತಿಕೊಂಡವನು ಹಳೆಯದನ್ನೂ ಕಂಡವನಾಗಿದ್ದನು. ಅಂದಿನಿಂದ ‘ಅರವತ್ತನಾಲ್ಕಕ್ಕೆ ಹಿಂದಿನದು’ ಎಂಬ ಮಾತೇ ವ್ಯಾಪಾರದಲ್ಲಿ ಒಂದು ಪಾರಿಭಾಷಿಕ ಪದವಾಗಿ ನಿಂತಿತು. 1982ರಲ್ಲಿ ರೋಜರ್ ರೂಲ್ ಎಂಬವರು ಈ ಹಳೆಯ ಕೋವಿಗಳ ಚರಿತ್ರೆಯನ್ನೇ ಗ್ರಂಥವಾಗಿ ಬರೆದರು. 1990ರ ದಶಕದಲ್ಲಿ ಕಂಪೆನಿಯೇ ಹಳೆಯ ಉಗುರನ್ನು ಮತ್ತೆ ತಂದಿತು. ನ್ಯೂ ಹೇವನ್ನಿನ ಕಾರ್ಖಾನೆಯು 2006ರಲ್ಲಿ ಮುಚ್ಚಿಹೋಯಿತು. ಇಷ್ಟಾದರೂ ಆ ಗೆರೆಯು ಅಳಿಸಿಹೋಗಲಿಲ್ಲ.

ಗೆರೆಯ ಯಾವ ಕಡೆಯದೆಂಬುದನ್ನು ತಿಳಿಯುವುದು ಸುಲಭ. ಹೊಸ ಬಗೆಯ ಕೋವಿಗಳ ಕ್ರಮಸಂಖ್ಯೆಯು 7,00,000ದಿಂದ ಆರಂಭವಾಗುವುದು; ಅದಕ್ಕೆ ಕೆಳಗಿನವು ಹಳೆಯವು. ಹಳೆಯದೆಂದು ತಿಳಿದೊಡನೆ ದೊಡ್ಡ ಮೊತ್ತವನ್ನು ಮನಸ್ಸಿನಲ್ಲಿ ಎಣಿಸುವುದು ಮಾತ್ರ ಅವಸರವೇ ಸರಿ. ಹಳೆಯವುಗಳಲ್ಲಿ ಹೆಚ್ಚಿನ ಪಾಲು .30-06 ಮತ್ತು .270 ತೋಟಾಗಳಿಗಾಗಿ ಮಾಡಿದವು. ಅವು ಬೇಕಾದಷ್ಟು ಸಿಕ್ಕುವುವು. .300 ಸ್ಯಾವೇಜ್, .35 ರೆಮಿಂಗ್ಟನ್ ಮೊದಲಾದವುಗಳಿಗೆ ಮಾಡಿದವು ವಿರಳ. ಅಂದು ಗಿರಾಕಿಗಳು ಕೇಳದೆ ಬಿಟ್ಟ ತೋಟಾಗಳ ಕೋವಿಗಳೇ ಇಂದು ಹೆಚ್ಚು ಹಣ ತರುವುದು ವಿನೋದದ ಸಂಗತಿ. ಯುದ್ಧಪೂರ್ವದವುಗಳಿಗೆ ಬೇರೆಯೇ ಗೌರವವುಂಟು.

ಇಷ್ಟೆಲ್ಲ ಸರಿಬಂದ ಮೇಲೂ ಬೆಲೆಯನ್ನು ನಿರ್ಣಯಿಸುವುದು ಇನ್ನೊಂದು ಸಂಗತಿ: ಕೋವಿಯು ಕಾರ್ಖಾನೆಯಿಂದ ಹೊರಟಂತೆಯೇ ಇದೆಯೆ? ಮಕ್ಕಳಿಗೆ ಹೇಳಲು ಕಷ್ಟವಾದ ಭಾಗವು ಇಲ್ಲಿಯೇ ಇರುವುದು. ತಂದೆಯು ಆ ಕೋವಿಯನ್ನು ಪ್ರೀತಿಸಿದ್ದರಿಂದಲೇ ಅದಕ್ಕೆ ಖರ್ಚು ಮಾಡಿರುವನು. ಭುಜಕ್ಕೆ ಪೆಟ್ಟು ತಗಲದಿರಲೆಂದು ಹಿಂಬದಿಯ ಮರವನ್ನು ಕೊಯ್ದು ರಬ್ಬರಿನ ಮೆತ್ತೆಯನ್ನು ಕೂಡಿಸಿರುವನು. ಕಣ್ಣು ಮಂಜಾದಾಗ ದೂರದರ್ಶಕವನ್ನು ಬಿಗಿಯಲು ರಂಧ್ರ ಕೊರೆಯಿಸಿರುವನು. ಯುದ್ಧಪೂರ್ವದ ಕೋವಿಗಳ ಹಿಂಭಾಗದಲ್ಲಿ ಕಾರ್ಖಾನೆಯವರು ಸಾಮಾನ್ಯವಾಗಿ ಆ ರಂಧ್ರಗಳನ್ನು ಕೊರೆಯುತ್ತಿರಲಿಲ್ಲ. ಉಕ್ಕಿನ ನೀಲಿಯ ಒಪ್ಪವು ಮಾಸಿದಾಗ ಹೊಸದಾಗಿ ಒಪ್ಪವಿಡಿಸಿರುವನು. ಬೇಟೆಗಾರನ ದೃಷ್ಟಿಯಿಂದ ಇವೆಲ್ಲವೂ ಸುಧಾರಣೆಗಳೇ. ಸಂಗ್ರಹಕಾರನ ದೃಷ್ಟಿಯಲ್ಲಿ ಒಂದೊಂದೂ ಗಾಯ. ಕೊಯ್ದ ಮರವು ಬೆಳೆಯದು, ಕೊರೆದ ರಂಧ್ರವು ಮುಚ್ಚದು; ಹೊಸ ಒಪ್ಪವನ್ನು ಇಡುವ ಮುನ್ನ ಉಜ್ಜಿದುದರಿಂದ ಅಕ್ಷರಗಳ ಅಂಚುಗಳು ಸವೆದು, ಅದು ಹೊಸ ಒಪ್ಪವೆಂಬುದನ್ನು ತಾವೇ ಹೇಳುವುವು. ಮೂವತ್ತು ವರ್ಷ ಕೈಯಲ್ಲಿ ಹಿಡಿದು ಮಾಸಿದ ಕೋವಿಯು ಹೀಗೆ ಹೊಳಪೇರಿಸಿದುದಕ್ಕಿಂತ ಹೆಚ್ಚು ಬೆಲೆ ತರುವುದು. ಆದಕಾರಣ ಮಾರುವ ಮೊದಲು ಅದನ್ನು ಉಜ್ಜಿ ಚೆಂದಗೊಳಿಸಲು ಹೊರಡುವವನನ್ನು ಯಾರಾದರೂ ತಡೆಯುವುದೊಳ್ಳೆಯದು.

ಬೆಲೆಯಿರುವಲ್ಲಿ ಕಪಟವೂ ಇರುವುದು. ಸಾಮಾನ್ಯವಾದ ಕೋವಿಗೆ ವಿರಳವಾದ ನಳಿಗೆಯನ್ನು ತಿರುಪಿ ಮಾರುವವರುಂಟು. ವಿಂಚೆಸ್ಟರಿನ ಕೆಲವು ಪುರಾತನ ಸನ್ನೆಯ ಕೋವಿಗಳಿಗೆ ಕಾರ್ಖಾನೆಯ ಹಳೆಯ ಲೆಕ್ಕದ ಪುಸ್ತಕಗಳು ಸಾಕ್ಷಿ; ಅವು ವಯೋಮಿಂಗಿನ ಕೋಡಿ ಎಂಬ ಊರಿನ ವಸ್ತುಸಂಗ್ರಹಾಲಯದಲ್ಲಿ ಇವೆ. ಮಾದರಿ 70ಕ್ಕೆ ಆ ನೆರವಿಲ್ಲ. ಕೋವಿಯೇ ತನ್ನ ಸಾಕ್ಷಿಯನ್ನು ನುಡಿಯಬೇಕು. ಮರದ ಭಾಗವನ್ನು ಬಿಚ್ಚಿ ನೋಡಿದರೆ ನಳಿಗೆಯ ಅಡಿಯಲ್ಲಿ ವರ್ಷದ ಕೊನೆಯ ಎರಡು ಅಂಕೆಗಳು ಒತ್ತಿರುವುವು. ಆ ವರ್ಷಕ್ಕೂ ಕ್ರಮಸಂಖ್ಯೆ ಸೂಚಿಸುವ ವರ್ಷಕ್ಕೂ ಬಹಳ ಅಂತರವಿದ್ದರೆ ಅದಕ್ಕೆ ವಿವರಣೆ ಬೇಕಾಗುವುದು. ಚಿತ್ರಗಳ ಜೊತೆಗೆ ಈ ಅಂಕೆಗಳ ಚಿತ್ರವನ್ನೂ ಕೊಡುವ ಮಾರಾಟಗಾರನನ್ನು ಕೊಳ್ಳುವವರು ನಂಬುವರು.

ಅಂತರ್ಜಾಲದ ಹರಾಜು ಇವೆಲ್ಲಕ್ಕೂ ಹೊಸ ಬಯಲನ್ನು ಒದಗಿಸಿತು. ಈಬೇ ಎಂಬ ಪ್ರಖ್ಯಾತವಾದ ಹರಾಜಿನ ತಾಣವು 1999ರಲ್ಲಿ ಕೋವಿಗಳ ಮಾರಾಟವನ್ನು ನಿಷೇಧಿಸಿತು. ಅದೇ ವರ್ಷ ಕೋವಿಗಳಿಗಾಗಿಯೇ ಗನ್‌ಬ್ರೋಕರ್ ಎಂಬ ತಾಣವು ಹುಟ್ಟಿತು. ಅಲ್ಲಿಯವರೆಗೆ ಬೆಲೆಯ ಪುಸ್ತಕವನ್ನು ತಿರುವಿಯೋ ಊರಿನ ಅಂಗಡಿಯವನ ಮಾತನ್ನು ನಂಬಿಯೋ ಇದ್ದವನಿಗೆ, ದೇಶದ ಯಾವ ಮೂಲೆಯಲ್ಲಿ ಯಾವ ಕೋವಿಯು ಎಷ್ಟಕ್ಕೆ ಹೋಯಿತೆಂಬುದನ್ನು ತಾನೇ ನೋಡಲು ಸಾಧ್ಯವಾಯಿತು. ಆದರೆ ನೋಡಬೇಕಾದುದು ಮುಗಿದ ಹರಾಜುಗಳನ್ನು. ಇನ್ನೂ ಮಾರಾಟವಾಗದೆ ನಿಂತಿರುವ ಕೋವಿಗಳ ಮೇಲಿನ ಅಂಕೆಗಳು ಒಡೆಯರ ಆಸೆಯನ್ನು ತಿಳಿಸುವುವೇ ಹೊರತು ಬೆಲೆಯನ್ನಲ್ಲ. ಅವುಗಳಲ್ಲಿ ಕೆಲವು ತಿಂಗಳುಗಟ್ಟಲೆ ಅಲ್ಲಿಯೇ ಕೊಳೆಯುವುವು. ಬಲ್ಲವರಲ್ಲಿ ಕೆಲವರು ಮೊದಲ ಸವಾಲನ್ನು ಒಂದು ಸೆಂಟಿಗೇ ಇಡುವರು. ಕೇಳಲು ಹುಚ್ಚುತನದಂತೆ ತೋರಿದರೂ ಸಾಮಾನ್ಯವಾಗಿ ದೊರೆಯುವ, ಬಹುಜನರಿಗೆ ಬೇಕಾದ ಕೋವಿಗೆ ಈ ಉಪಾಯವು ಫಲಿಸುವುದು. ಇಬ್ಬರೋ ಮೂವರೋ ಮಾತ್ರ ಅರಸುವ ವಿರಳವಾದ ಕೋವಿಗೆ ಇದು ಅಪಾಯ. ಆ ಇಬ್ಬರಲ್ಲಿ ಒಬ್ಬನು ಆ ವಾರ ನೋಡದಿದ್ದರೆ ಒಳ್ಳೆಯ ಕೋವಿಯು ಕಡಮೆ ಹಣಕ್ಕೆ ಹೋಗುವುದು. ಅಂಥದಕ್ಕೆ ಗುಪ್ತವಾದ ಕನಿಷ್ಠ ಬೆಲೆಯನ್ನು ಗೊತ್ತುಮಾಡಿಡುವುದು ಲೇಸು.

ಕೂಗಿದ ಬೆಲೆಯೆಲ್ಲವೂ ಮಾರುವವನ ಕೈಸೇರುವುದೂ ಇಲ್ಲ. ತಾಣದವರು ತಮ್ಮ ಪಾಲನ್ನು ಕಳೆದುಕೊಳ್ಳುವರು. 1968ರ ಕಾನೂನಿನ ಪ್ರಕಾರ ಬೇರೆ ಸಂಸ್ಥಾನದ ಗಿರಾಕಿಗೆ ಕೋವಿಯನ್ನು ನೇರವಾಗಿ ಕಳುಹಿಸಲಾಗದು. ಅದು ಅವನ ಊರಿನ ಪರವಾನಗಿ ಪಡೆದ ವ್ಯಾಪಾರಿಯ ಅಂಗಡಿಗೆ ಹೋಗಬೇಕು. ಆ ವ್ಯಾಪಾರಿಯ ಶುಲ್ಕವನ್ನು ಎಣಿಸಿಯೇ ಗಿರಾಕಿಯು ತನ್ನ ಸವಾಲನ್ನು ಕೂಗಿರುವನು. ಅಂಗಡಿಯಲ್ಲಿ ಪೆಟ್ಟಿಗೆಯನ್ನು ತೆರೆದಾಗ ಅವನು ಮೊದಲು ತಿರುಗಿಸಿ ನೋಡುವುದು ನಳಿಗೆಯನ್ನಲ್ಲ, ಹಿಂಬದಿಯ ಮರದ ತುದಿಯನ್ನು. ಅಲ್ಲಿ ಗರಗಸದ ಗುರುತು ಕಂಡರೆ ಕೋವಿಯನ್ನು ಹಿಂದಕ್ಕೆ ಕಳುಹಿಸಲು ಮಾರುವವನೇ ಕೊಟ್ಟ ಮೂರು ದಿನಗಳ ಅವಧಿಯು ಅವನಿಗೆ ಉಂಟು.