ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರ

ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರವು ಕರ್ನಾಟಕ ರಾಜ್ಯದ 28 ಲೋಕಸಭಾ ಕ್ಷೇತ್ರಗಳಲ್ಲಿ ಒಂದು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಇದು ಹೊಸದಾಗಿ ರಚನೆಯಾಯಿತು. ಅದುವರೆಗೆ ಅಸ್ತಿತ್ವದಲ್ಲಿದ್ದ ಕನಕಪುರ ಲೋಕಸಭಾ ಕ್ಷೇತ್ರವು ರದ್ದಾಗಿ, ಅದರ ಬಹುಭಾಗ ಈ ಕ್ಷೇತ್ರಕ್ಕೆ ಸೇರಿತು. ಹೊಸ ಕ್ಷೇತ್ರಕ್ಕೆ ಮೊದಲ ಚುನಾವಣೆ 2009ರಲ್ಲಿ ನಡೆಯಿತು. 2013ರ ಉಪಚುನಾವಣೆಯೂ ಸೇರಿದಂತೆ 2024ರವರೆಗೆ ಒಟ್ಟು ಐದು ಚುನಾವಣೆಗಳು ನಡೆದಿದ್ದು, ಜನತಾದಳ (ಜಾತ್ಯತೀತ) ಒಮ್ಮೆ, ಕಾಂಗ್ರೆಸ್ ಮೂರು ಬಾರಿ ಮತ್ತು ಭಾರತೀಯ ಜನತಾ ಪಕ್ಷ ಒಮ್ಮೆ ಗೆದ್ದಿವೆ. ಪ್ರಸ್ತುತ ಭಾರತೀಯ ಜನತಾ ಪಕ್ಷದ ಡಾ. ಸಿ. ಎನ್. ಮಂಜುನಾಥ್ ಈ ಕ್ಷೇತ್ರದ ಸಂಸದರು.

## ರಚನೆ

2002ರ ಪುನರ್ವಿಂಗಡಣಾ ಕಾಯಿದೆಯ ಅನ್ವಯ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯಲ್ಲಿ ಆಯೋಗವು ರಚನೆಯಾಯಿತು. ರಾಜ್ಯಗಳಿಗೆ ಹಂಚಿಕೆಯಾದ ಲೋಕಸಭಾ ಸ್ಥಾನಗಳ ಸಂಖ್ಯೆಯನ್ನು ಬದಲಿಸುವ ಅಧಿಕಾರ ಆಯೋಗಕ್ಕೆ ಇರಲಿಲ್ಲ. ಆದ್ದರಿಂದ ಕರ್ನಾಟಕದ ಸ್ಥಾನಗಳು 28 ಆಗಿಯೇ ಉಳಿದು, 2001ರ ಜನಗಣತಿಯ ಆಧಾರದ ಮೇಲೆ ಒಳಗಿನ ಗಡಿಗಳು ಮಾತ್ರ ಬದಲಾದವು. ಒಂದು ಹೊಸ ಕ್ಷೇತ್ರ ಹುಟ್ಟಬೇಕಾದರೆ ಹಳೆಯ ಒಂದು ಕ್ಷೇತ್ರ ಮರೆಯಾಗಲೇಬೇಕಿತ್ತು. ಈ ಆದೇಶ 2008ರ ಫೆಬ್ರವರಿಯಲ್ಲಿ ಜಾರಿಗೆ ಬಂದಿತು.

ವಿಧಾನಸಭಾ ಕ್ಷೇತ್ರಗಳ ಮಟ್ಟದಲ್ಲಿಯೂ ಇದೇ ಸಮಯದಲ್ಲಿ ದೊಡ್ಡ ಬದಲಾವಣೆಗಳಾದವು. ಬೆಂಗಳೂರಿನ ಹೊರವಲಯದ ಉತ್ತರಹಳ್ಳಿ ಮತ್ತು ಕನಕಪುರ ತಾಲ್ಲೂಕಿನ ಸಾತನೂರು ವಿಧಾನಸಭಾ ಕ್ಷೇತ್ರಗಳು ರದ್ದಾದವು. ನಗರದ ಕಡೆ ರಾಜರಾಜೇಶ್ವರಿನಗರ, ಬೆಂಗಳೂರು ದಕ್ಷಿಣ ಮೊದಲಾದ ಹೊಸ ಕ್ಷೇತ್ರಗಳು ರೂಪುಗೊಂಡವು.

## ಹೆಸರು ಮತ್ತು ವ್ಯಾಪ್ತಿ

ಈ ಕ್ಷೇತ್ರದ ಹೆಸರಿಗೂ ಈಗಿನ ಜಿಲ್ಲಾ ಗಡಿಗಳಿಗೂ ಹೊಂದಾಣಿಕೆಯಿಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ ಮತ್ತು ನೆಲಮಂಗಲ ಎಂಬ ನಾಲ್ಕೂ ವಿಧಾನಸಭಾ ಕ್ಷೇತ್ರಗಳು ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಅವುಗಳಲ್ಲಿ ಒಂದೂ ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರದಲ್ಲಿಲ್ಲ.

ಇದರ ಹಿನ್ನೆಲೆಯನ್ನು ಜಿಲ್ಲೆಗಳ ವಿಭಜನೆಯಲ್ಲಿ ಕಾಣಬಹುದು. 1986ರಲ್ಲಿ ಹಳೆಯ ಬೆಂಗಳೂರು ಜಿಲ್ಲೆಯನ್ನು ವಿಭಜಿಸಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ರಚಿಸಿದಾಗ ಮಾಗಡಿ, ರಾಮನಗರ, ಚನ್ನಪಟ್ಟಣ ಮತ್ತು ಕನಕಪುರ ತಾಲ್ಲೂಕುಗಳು ಅದರಲ್ಲಿ ಸೇರಿದ್ದವು. 2007ರಲ್ಲಿ ಈ ನಾಲ್ಕು ತಾಲ್ಲೂಕುಗಳು ಪ್ರತ್ಯೇಕಗೊಂಡು ರಾಮನಗರ ಜಿಲ್ಲೆಯಾದವು. ಜಿಲ್ಲೆಯ ಹೆಸರು ಬದಲಾದರೂ ಲೋಕಸಭಾ ಕ್ಷೇತ್ರಕ್ಕೆ ಮಾತ್ರ ‘ಬೆಂಗಳೂರು ಗ್ರಾಮಾಂತರ’ ಎಂಬ ಹೆಸರೇ ನಿಂತಿತು. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರವು ರಾಮನಗರ ಜಿಲ್ಲೆಯನ್ನು ‘ಬೆಂಗಳೂರು ದಕ್ಷಿಣ ಜಿಲ್ಲೆ’ ಎಂದು ಮರುನಾಮಕರಣ ಮಾಡಲು ನಿರ್ಧರಿಸಿತು. ಬೆಂಗಳೂರು ದಕ್ಷಿಣ ಎಂಬ ಹೆಸರಿನ ವಿಧಾನಸಭಾ ಕ್ಷೇತ್ರವೂ ಇದೇ ಲೋಕಸಭಾ ಕ್ಷೇತ್ರದಲ್ಲಿದೆ. ಆದರೆ ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರವು ಇವೆರಡಕ್ಕಿಂತಲೂ ಬೇರೆಯಾದದ್ದು.

ಕ್ಷೇತ್ರದ ಸ್ವರೂಪವು ಅರ್ಧ ನಗರ, ಅರ್ಧ ಗ್ರಾಮೀಣ. ಒಂದು ಕಡೆ ರಾಜರಾಜೇಶ್ವರಿನಗರದ ವಸತಿ ಬಡಾವಣೆಗಳು ಹಾಗೂ ಆನೇಕಲ್ ತಾಲ್ಲೂಕಿನ ಜಿಗಣಿ ಮತ್ತು ಬೊಮ್ಮಸಂದ್ರ ಕೈಗಾರಿಕಾ ಪ್ರದೇಶಗಳಿವೆ. ಇನ್ನೊಂದು ಕಡೆ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ, ಚನ್ನಪಟ್ಟಣದ ಮರದ ಬೊಂಬೆಗಳ ಕಸುಬು ಮತ್ತು ಕನಕಪುರದ ಕಾಡಂಚಿನ ಗ್ರಾಮಗಳಿವೆ. ಕಾವೇರಿ ನದಿಗೆ ಅಣೆಕಟ್ಟು ನಿರ್ಮಿಸಲು ಪ್ರಸ್ತಾಪಿಸಲಾಗಿರುವ ಮೇಕೆದಾಟು ಪ್ರದೇಶವು ಕನಕಪುರ ತಾಲ್ಲೂಕಿನಲ್ಲಿದೆ. ಬೆಂಗಳೂರಿಗೆ ಕುಡಿಯುವ ನೀರು ಒದಗಿಸುವ ಉದ್ದೇಶದ ಈ ಯೋಜನೆ ಮತ್ತು ಕಾಡಾನೆಗಳ ಹಾವಳಿ ಇಲ್ಲಿನ ಚುನಾವಣೆಗಳಲ್ಲಿ ಚರ್ಚೆಗೆ ಬರುವ ವಿಷಯಗಳು.

## ವಿಧಾನಸಭಾ ಕ್ಷೇತ್ರಗಳು

ಈ ಲೋಕಸಭಾ ಕ್ಷೇತ್ರವು ಮೂರು ಜಿಲ್ಲೆಗಳಲ್ಲಿ ಹರಡಿರುವ ಎಂಟು ವಿಧಾನಸಭಾ ಕ್ಷೇತ್ರಗಳನ್ನು ಒಳಗೊಂಡಿದೆ. ಆನೇಕಲ್ ಕ್ಷೇತ್ರವು ಪರಿಶಿಷ್ಟ ಜಾತಿಗೆ ಮೀಸಲಾಗಿದೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಆಯ್ಕೆಯಾದವರ ವಿವರ ಹೀಗಿದೆ:

| ಸಂಖ್ಯೆ | ಕ್ಷೇತ್ರ | ಜಿಲ್ಲೆ | ಶಾಸಕರು | ಪಕ್ಷ |
|---|---|---|---|---|
| 131 | ಕುಣಿಗಲ್ | ತುಮಕೂರು | ಡಾ. ಎಚ್. ಡಿ. ರಂಗನಾಥ್ | ಕಾಂಗ್ರೆಸ್ |
| 154 | ರಾಜರಾಜೇಶ್ವರಿನಗರ | ಬೆಂಗಳೂರು ನಗರ | ಮುನಿರತ್ನ | ಬಿಜೆಪಿ |
| 176 | ಬೆಂಗಳೂರು ದಕ್ಷಿಣ | ಬೆಂಗಳೂರು ನಗರ | ಎಂ. ಕೃಷ್ಣಪ್ಪ | ಬಿಜೆಪಿ |
| 177 | ಆನೇಕಲ್ (ಪ.ಜಾ.) | ಬೆಂಗಳೂರು ನಗರ | ಬಿ. ಶಿವಣ್ಣ | ಕಾಂಗ್ರೆಸ್ |
| 182 | ಮಾಗಡಿ | ರಾಮನಗರ | ಎಚ್. ಸಿ. ಬಾಲಕೃಷ್ಣ | ಕಾಂಗ್ರೆಸ್ |
| 183 | ರಾಮನಗರ | ರಾಮನಗರ | ಎಚ್. ಎ. ಇಕ್ಬಾಲ್ ಹುಸೇನ್ | ಕಾಂಗ್ರೆಸ್ |
| 184 | ಕನಕಪುರ | ರಾಮನಗರ | ಡಿ. ಕೆ. ಶಿವಕುಮಾರ್ | ಕಾಂಗ್ರೆಸ್ |
| 185 | ಚನ್ನಪಟ್ಟಣ | ರಾಮನಗರ | ಎಚ್. ಡಿ. ಕುಮಾರಸ್ವಾಮಿ | ಜನತಾದಳ (ಜಾ) |

2024ರಲ್ಲಿ ಮಂಡ್ಯದಿಂದ ಲೋಕಸಭೆಗೆ ಆಯ್ಕೆಯಾದ ಕುಮಾರಸ್ವಾಮಿಯವರು ಚನ್ನಪಟ್ಟಣದ ಸ್ಥಾನವನ್ನು ತೆರವು ಮಾಡಿದರು. ಅದೇ ವರ್ಷದ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ಸಿ. ಪಿ. ಯೋಗೇಶ್ವರ್ ಅಲ್ಲಿ ಗೆದ್ದರು.

## ಪೂರ್ವಚರಿತ್ರೆ: ಕನಕಪುರ ಕ್ಷೇತ್ರ

ಕನಕಪುರ ಲೋಕಸಭಾ ಕ್ಷೇತ್ರಕ್ಕೆ 1967ರಲ್ಲಿ ಎಂ. ವಿ. ರಾಜಶೇಖರನ್ ಮತ್ತು 1971ರಲ್ಲಿ ಸಿ. ಕೆ. ಜಾಫರ್ ಷರೀಫ್ ಆಯ್ಕೆಯಾಗಿದ್ದರು. 1977ರಿಂದ 1996ರವರೆಗೆ ಎಂ. ವಿ. ಚಂದ್ರಶೇಖರ ಮೂರ್ತಿ ಈ ಕ್ಷೇತ್ರವನ್ನು ಪ್ರತಿನಿಧಿಸಿದರು. 1996ರಲ್ಲಿ ಜನತಾದಳದ ಎಚ್. ಡಿ. ಕುಮಾರಸ್ವಾಮಿ, 1998ರಲ್ಲಿ ಬಿಜೆಪಿಯ ಎಂ. ಶ್ರೀನಿವಾಸ್ ಮತ್ತು 1999ರಲ್ಲಿ ಮತ್ತೆ ಚಂದ್ರಶೇಖರ ಮೂರ್ತಿ ಗೆದ್ದರು. ಮೂರ್ತಿಯವರ ನಿಧನದಿಂದ ತೆರವಾದ ಸ್ಥಾನಕ್ಕೆ 2002ರಲ್ಲಿ ನಡೆದ ಉಪಚುನಾವಣೆಯಲ್ಲಿ ಮಾಜಿ ಪ್ರಧಾನಿ ಎಚ್. ಡಿ. ದೇವೇಗೌಡರು ಕಾಂಗ್ರೆಸ್ಸಿನ ಡಿ. ಕೆ. ಶಿವಕುಮಾರ್ ಅವರನ್ನು ಸೋಲಿಸಿದರು. ಆದರೆ 2004ರಲ್ಲಿ ಕಾಂಗ್ರೆಸ್ಸಿನ ತೇಜಸ್ವಿನಿ ಅವರ ಎದುರು ದೇವೇಗೌಡರು ಸೋಲುಂಡರು. ಈ ಎರಡು ಕುಟುಂಬಗಳ ಪೈಪೋಟಿ ಹೊಸ ಕ್ಷೇತ್ರದಲ್ಲಿಯೂ ಮುಂದುವರಿಯಿತು.

## ಚುನಾವಣಾ ಫಲಿತಾಂಶಗಳು

| ವರ್ಷ | ವಿಜೇತರು | ಪಕ್ಷ | ಮತಗಳು | ಸಮೀಪದ ಪ್ರತಿಸ್ಪರ್ಧಿ | ಪಕ್ಷ | ಮತಗಳು | ಅಂತರ |
|---|---|---|---|---|---|---|---|
| 2009 | ಎಚ್. ಡಿ. ಕುಮಾರಸ್ವಾಮಿ | ಜನತಾದಳ (ಜಾ) | 4,93,302 | ಸಿ. ಪಿ. ಯೋಗೇಶ್ವರ್ | ಬಿಜೆಪಿ | 3,63,027 | 1,30,275 |
| 2013 (ಉಪಚುನಾವಣೆ) | ಡಿ. ಕೆ. ಸುರೇಶ್ | ಕಾಂಗ್ರೆಸ್ | 5,78,608 | ಅನಿತಾ ಕುಮಾರಸ್ವಾಮಿ | ಜನತಾದಳ (ಜಾ) | 4,41,601 | 1,37,007 |
| 2014 | ಡಿ. ಕೆ. ಸುರೇಶ್ | ಕಾಂಗ್ರೆಸ್ | 6,52,723 | ಪಿ. ಮುನಿರಾಜು ಗೌಡ | ಬಿಜೆಪಿ | 4,21,243 | 2,31,480 |
| 2019 | ಡಿ. ಕೆ. ಸುರೇಶ್ | ಕಾಂಗ್ರೆಸ್ | 8,78,258 | ಅಶ್ವತ್ಥನಾರಾಯಣ ಗೌಡ | ಬಿಜೆಪಿ | 6,71,388 | 2,06,870 |
| 2024 | ಡಾ. ಸಿ. ಎನ್. ಮಂಜುನಾಥ್ | ಬಿಜೆಪಿ | 10,79,002 | ಡಿ. ಕೆ. ಸುರೇಶ್ | ಕಾಂಗ್ರೆಸ್ | 8,09,355 | 2,69,647 |

### 2009

ಹೊಸ ಕ್ಷೇತ್ರದ ಮೊದಲ ಚುನಾವಣೆಯಲ್ಲಿ ತ್ರಿಕೋನ ಸ್ಪರ್ಧೆ ಏರ್ಪಟ್ಟಿತು. ಮಾಜಿ ಮುಖ್ಯಮಂತ್ರಿ ಕುಮಾರಸ್ವಾಮಿ ಜಯಗಳಿಸಿದರು. ಹಿಂದಿನ ಕನಕಪುರ ಕ್ಷೇತ್ರದ ಕೊನೆಯ ಸಂಸದೆಯಾಗಿದ್ದ ತೇಜಸ್ವಿನಿ ಮೂರನೆಯ ಸ್ಥಾನಕ್ಕೆ ಸರಿದರು.

### 2013ರ ಉಪಚುನಾವಣೆ

2013ರ ಮೇ ತಿಂಗಳಲ್ಲಿ ಕುಮಾರಸ್ವಾಮಿಯವರು ರಾಮನಗರದಿಂದ ವಿಧಾನಸಭೆಗೆ ಆಯ್ಕೆಯಾಗಿ ಲೋಕಸಭಾ ಸದಸ್ಯತ್ವಕ್ಕೆ ರಾಜೀನಾಮೆ ನೀಡಿದರು. ಆಗಸ್ಟ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ ಅವರ ಪತ್ನಿ ಅನಿತಾ ಕುಮಾರಸ್ವಾಮಿ ಮತ್ತು ಡಿ. ಕೆ. ಶಿವಕುಮಾರ್ ಅವರ ಸಹೋದರ ಡಿ. ಕೆ. ಸುರೇಶ್ ಎದುರಾದರು. ಬಿಜೆಪಿ ಅಭ್ಯರ್ಥಿಯನ್ನು ನಿಲ್ಲಿಸಲಿಲ್ಲ. ಸುರೇಶ್ ಗೆದ್ದು ಮೊದಲ ಬಾರಿಗೆ ಸಂಸತ್ತನ್ನು ಪ್ರವೇಶಿಸಿದರು.

### 2014 ಮತ್ತು 2019

2014ರಲ್ಲಿ ಮೂರು ಪಕ್ಷಗಳೂ ಪ್ರತ್ಯೇಕವಾಗಿ ಸ್ಪರ್ಧಿಸಿದವು. ಜನತಾದಳದ ಆರ್. ಪ್ರಭಾಕರ ರೆಡ್ಡಿ 3,17,870 ಮತಗಳನ್ನು ಪಡೆದು ಮೂರನೆಯವರಾದರು. 2019ರಲ್ಲಿ ಕಾಂಗ್ರೆಸ್ ಮತ್ತು ಜನತಾದಳ ಮೈತ್ರಿ ಮಾಡಿಕೊಂಡಿದ್ದರಿಂದ ಸುರೇಶ್ ಅವರು ಎರಡೂ ಪಕ್ಷಗಳ ಅಭ್ಯರ್ಥಿಯಾಗಿದ್ದರು. ಆ ಚುನಾವಣೆಯಲ್ಲಿ ಬಿಜೆಪಿಯು ರಾಜ್ಯದ 25 ಸ್ಥಾನಗಳನ್ನು ಗೆದ್ದುಕೊಂಡಿತು. ಕಾಂಗ್ರೆಸ್ ಉಳಿಸಿಕೊಂಡ ಏಕೈಕ ಕ್ಷೇತ್ರ ಬೆಂಗಳೂರು ಗ್ರಾಮಾಂತರ.

### 2024

ಈ ಬಾರಿ ಬಿಜೆಪಿ ಮತ್ತು ಜನತಾದಳ ಮೈತ್ರಿ ಮಾಡಿಕೊಂಡವು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿ ದೀರ್ಘಕಾಲ ಸೇವೆ ಸಲ್ಲಿಸಿದ್ದ, ದೇವೇಗೌಡರ ಅಳಿಯ ಡಾ. ಮಂಜುನಾಥ್ ಬಿಜೆಪಿಯ ಚಿಹ್ನೆಯಡಿ ಮೊದಲ ಬಾರಿಗೆ ಚುನಾವಣೆಗೆ ನಿಂತರು. ಸುಮಾರು 28 ಲಕ್ಷ ಮತದಾರರಿದ್ದ ಕ್ಷೇತ್ರದಲ್ಲಿ ಏಪ್ರಿಲ್ 26ರಂದು ಮತದಾನ ನಡೆಯಿತು. ರಾಜರಾಜೇಶ್ವರಿನಗರ ಮತ್ತು ಬೆಂಗಳೂರು ದಕ್ಷಿಣ ವಿಧಾನಸಭಾ ಕ್ಷೇತ್ರಗಳಲ್ಲಿ ಮಂಜುನಾಥ್ ಅವರಿಗೆ ಭಾರಿ ಮುನ್ನಡೆ ದೊರೆಯಿತು. ರಾಜ್ಯದಲ್ಲಿ ಕಾಂಗ್ರೆಸ್ಸಿನ ಬಲ ಒಂದರಿಂದ ಒಂಬತ್ತಕ್ಕೆ ಏರಿದರೂ, 2019ರಲ್ಲಿ ಗೆದ್ದಿದ್ದ ಆ ಒಂದೇ ಸ್ಥಾನವನ್ನು ಅದು ಕಳೆದುಕೊಂಡಿತು.

## ಮತಗಳ ಹಂಚಿಕೆ

2014ರಲ್ಲಿ ಬಿಜೆಪಿ ಮತ್ತು ಜನತಾದಳ ಪಡೆದ ಮತಗಳ ಮೊತ್ತ 7,39,113. ಇದು ವಿಜೇತ ಸುರೇಶ್ ಅವರು ಪಡೆದ ಮತಗಳಿಗಿಂತ 86,390 ಹೆಚ್ಚು. ಅಂದರೆ ಅಂದಿನ ದೊಡ್ಡ ಅಂತರಕ್ಕೆ ಎದುರಾಳಿ ಮತಗಳ ವಿಭಜನೆಯೂ ಕಾರಣವಾಗಿತ್ತು.

ಆದರೆ ಪಕ್ಷಗಳು ಒಂದಾದಾಗ ಅವುಗಳ ಮತಗಳೂ ಹಾಗೆಯೇ ಕೂಡಿಕೊಳ್ಳುತ್ತವೆ ಎನ್ನಲಾಗದು. 2019ರಲ್ಲಿ ಜನತಾದಳದ ಬೆಂಬಲವಿದ್ದಾಗ ಕಾಂಗ್ರೆಸ್ಸಿನ ಮತಗಳು 2,25,535ರಷ್ಟು ಹೆಚ್ಚಿದವು. ಏಕಾಂಗಿಯಾಗಿದ್ದ ಬಿಜೆಪಿಯ ಮತಗಳು 2,50,145ರಷ್ಟು ಹೆಚ್ಚಿ, ಗೆಲುವಿನ ಅಂತರ 2014ಕ್ಕಿಂತ ಕಡಿಮೆಯಾಯಿತು. 2024ರಲ್ಲಿ ಸುರೇಶ್ ಅವರು ಕಳೆದುಕೊಂಡದ್ದು 68,903 ಮತಗಳನ್ನು ಮಾತ್ರ. ಬಿಜೆಪಿಯ ಗಳಿಕೆ 4,07,614ರಷ್ಟು ಏರಿತು. ಹೀಗಾಗಿ ಐದು ವರ್ಷಗಳ ಹಿಂದೆ ಎರಡು ಲಕ್ಷಕ್ಕೂ ಹೆಚ್ಚಿನ ಅಂತರದ ಗೆಲುವಿಗೆ ಕಾರಣವಾದಷ್ಟು ಮತಗಳು 2024ರಲ್ಲಿ ಗೆಲುವಿಗೆ ಸಾಲದಾದವು.

## ಇವನ್ನೂ ನೋಡಿ

* ಕನಕಪುರ ಲೋಕಸಭಾ ಕ್ಷೇತ್ರ
* ಚಿಕ್ಕಬಳ್ಳಾಪುರ ಲೋಕಸಭಾ ಕ್ಷೇತ್ರ
* ಬೆಂಗಳೂರು ದಕ್ಷಿಣ ಲೋಕಸಭಾ ಕ್ಷೇತ್ರ
* ರಾಮನಗರ ಜಿಲ್ಲೆ