ಮನಿ ಕರದ ಪಾವತಿಯೊಳಗೊಂದು ಲೈಬ್ರರಿ

ಹೋದ ತಿಂಗಳು ಮನಿ ಕರ ಕಟ್ಟಿ ಬಂದ ಮ್ಯಾಲೆ ಆ ಪಾವತಿ ಓದ್ಕೋತ ಕೂತಿದ್ದೆ. ಯಾವಾಗ್ಲೂ ಕೆಳಗಿನ ಮೊತ್ತ ನೋಡಿ ಫೈಲಿನ್ಯಾಗ ಇಡೂದು ನನ್ನ ರೂಢಿ. ಈ ಸಲ ನಡುವಿನ ಸಾಲೂ ಓದಿದೆ. ಆರೋಗ್ಯ ಕರ, ಭಿಕ್ಷುಕರ ಕರ, ಅವುಗಳ ಜೋಡಿ ಗ್ರಂಥಾಲಯ ಕರ. ಕರದ ಮೊತ್ತಕ್ಕ ನೂರಕ್ಕ 6ರಂತೆ. ಅಂದ್ರ 2,000 ರೂಪಾಯಿ ಕರ ಇದ್ರ ಲೈಬ್ರರಿ ಪಾಲು 120 ರೂಪಾಯಿ. ಇಷ್ಟು ವರ್ಷ ವರ್ಗಣಿ ಕೊಟ್ಟಂಗ ಕೊಡ್ತಾನೇ ಬಂದೀವಿ. ಆದ್ರ ನಮ್ಮೊಳಗ ಎಷ್ಟು ಮಂದಿ ಅದರ ಪಾವಟಿಗಿ ಹತ್ತೀವಿ ಹೇಳ್ರಿ?

ಈ ಕರದ ಬೇರು 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಒಳಗ ಅದ. ಆಗ ನಮ್ಮ ರಾಜ್ಯಕ್ಕ ಇನ್ನೂ ಮೈಸೂರು ಅಂತ ಹೆಸರು. ಊರ ಮಂದಿ ಕೊಟ್ಟ ಕರದಾಗ ಊರಿಗೊಂದು ಲೈಬ್ರರಿ ನಡೀಬೇಕು ಅನ್ನೂದನ್ನ ರಾಜ್ಯ ರಾಜ್ಯಕ್ಕೂ ಹೇಳ್ಕೋತ ಬಂದವರು ಎಸ್. ಆರ್. ರಂಗನಾಥನ್. ತಮಿಳುನಾಡಿನವರು, ಮೊದಲು ಗಣಿತದ ಮಾಸ್ತರು. 1924ರಾಗ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿ ನೋಡ್ಕೊಳ್ಳಲಿಕ್ಕೆ ಹೋದವರು ಮತ್ತ ಹಿಂದ ಬರಲೇ ಇಲ್ಲ. ನಮ್ಮ ದೇಶದಾಗ ಮೊದಲ ಗ್ರಂಥಾಲಯ ಕಾಯಿದೆ ಆದದ್ದೂ ಮದ್ರಾಸಿನ್ಯಾಗ, 1948ಕ್ಕ. ಕಡೀ ವರ್ಷಗಳನ್ನ ಅವರು ಬೆಂಗಳೂರಿನ್ಯಾಗ ಕಳದ್ರು, 1972ರಾಗ ಅಲ್ಲೇ ತೀರಿಕೊಂಡ್ರು. ತಮ್ಮ ದುಡ್ಡಿನಿಂದ ಇಟ್ಟ ದತ್ತಿಗೆ ಹೆಂಡತಿ ಶಾರದಾ ಅವರ ಹೆಸರೂ ಸೇರಿಸ್ಯಾರ. ಅದು ನನಗ ಭಾಳ ಸೇರಿತು.

1931ರಾಗ ಮನ್ನಾರ್‌ಗುಡಿ ಕಡೆ ಎತ್ತಿನ ಗಾಡಿಯೊಳಗ ಪುಸ್ತಕ ತುಂಬಿ ಹಳ್ಳಿ ಹಳ್ಳಿಗೆ ಒಯ್ಯತಿದ್ರಂತ. ಮಂದಿ ಪುಸ್ತಕದ ಕಡೆ ಬರಲಿಲ್ಲಂದ್ರ ಪುಸ್ತಕನs ಮಂದಿ ಕಡೆ ಹೋಗಬೇಕು, ಇಷ್ಟs ಅದರ ವಿಚಾರ. ಅದs ವರ್ಷ ರಂಗನಾಥನ್ ಬರೆದ ಐದು ಸೂತ್ರದ ಪುಸ್ತಕವೂ ಬಂತು. ಲೈಬ್ರರಿ ಅಂದ್ರ ಬೆಳೆಯೋ ಜೀವ ಇದ್ದಂಗ ಅನ್ನೂದು ಅದರಾಗ ಐದನೇದು.

ನಮ್ಮ ಅವ್ವನ ಕಾಲಕ್ಕ ಆ ಜೀವ ಗಂಡಸರ ಕಡೇನs ಬೆಳದಿತ್ತು ಅನಸ್ತದ. ಮುಂದಿನ ಖೋಲಿ ತುಂಬ ಪೇಪರ್ ಓದೋ ಗಂಡಸರು. ಅವರನ್ನ ದಾಟಿ ಒಳಗ ಹೋದ್ರ ಕಾದಂಬರಿ ಕಪಾಟು. ಅವ್ವ ಒಂದು ದಿನಾನೂ ದಾಟಲಿಲ್ಲ. ತ್ರಿವೇಣಿ, ಎಂ. ಕೆ. ಇಂದಿರಾ, ಅನುಪಮಾ ನಿರಂಜನ ಅಂತ ಚೀಟಿ ಬರೆದು ನನ್ನ ಕೈಯಾಗ ಕೊಡ್ತಿದ್ದಳು. ನಾನು ಲಂಗ ಹಾಕ್ಕೊಂಡ ಹುಡುಗಿ, ನನ್ನ ಯಾರೂ ಕೇಳತಿರಲಿಲ್ಲ. ರಾತ್ರಿ ಮುಸುರಿ ತಿಕ್ಕಿ, ಒಲಿ ಸಾರಿಸಿ, ಆಮ್ಯಾಲೆ ಓದೂದು. ಅಪ್ಪ "ಲೈಟು ಆರಿಸು" ಅಂದ್ರ ನಡುಮನಿಗೆ ಬಂದು ಕೂಡತಿದ್ದಳು. ಪುಸ್ತಕದ ಹಿಂದಿನ ತಾರೀಖಿನ ಚೀಟಿ ನೋಡಿ, ಇದನ್ನ ಇನ್ನೂ ಯಾರ್ಯಾರು ಓದಿರಬೇಕು ಅಂತ ಎಣಸ್ತಿದ್ದಳು. ತಾನು ಕಾಣದs ಇರೋ ಜಾಗದ ಗೆಳತ್ಯಾರು ಅವರು.

ಪಾವತಿ ನೋಡಿದ ಮರುವಾರ ನಾನs ಹೋದೆ. ಮದಿವಿ ಆದ ಮ್ಯಾಲೆ ಇದs ಮೊದಲು. ಪೇಪರಿನ ಗಂಡಸರು ನಾಕs ಮಂದಿ, ಉಳಿದ ಕುರ್ಚಿ ತುಂಬ ಪರೀಕ್ಷಾಕ್ಕ ಓದೋ ಹುಡುಗರು, ಹುಡುಗ್ಯಾರು. ತಮ್ಮ ಪುಸ್ತಕ, ತಮ್ಮ ನೀರಿನ ಬಾಟ್ಲಿ. ಪಿಎಸ್‌ಐ, ಎಫ್‌ಡಿಎ, ಶಿಕ್ಷಕರ ಪರೀಕ್ಷಾ. ಕಾದಂಬರಿ ಕಪಾಟಿಗೆ ಕೀಲಿ. "ಅವನ್ನ ಈಗ ಯಾರೂ ಕೇಳೂದಿಲ್ರಿ" ಅಂದ್ರು. ನನಗ ಸಿಟ್ಟು ಬಂತು. ಕೀಲಿ ಹಾಕಿದ ಕಪಾಟು ಯಾರು ಕೇಳ್ತಾರ?

ಅಷ್ಟರಾಗ ಮೂಲ್ಯಾಗ ನಮ್ಮ ಓಣಿ ಹುಡುಗಿ ಕಂಡಳು. ಅವರದು ಎರಡs ಖೋಲಿ, ಮನಿ ತುಂಬ ಮಂದಿ. ಮುಂಜಾನೆ ಡಬ್ಬಿ ಕಟ್ಟಿಕೊಂಡು ಬಂದ್ರ ಸಂಜಿ ತನಕ ಇಲ್ಲೇ. "ಇಲ್ಲಿ ಯಾರೂ ಚಹಾ ಮಾಡು ಅನ್ನೂದಿಲ್ರಿ ಕಾಕು" ಅಂದಳು. ಅವಳಿಗೆ ಬೇಕಾದದ್ದು ಪುಸ್ತಕಕ್ಕಿಂತ ಕುರ್ಚಿ. ನನ್ನ ಅವ್ವಗ ಕುರ್ಚಿ ಸಿಗಲಿಲ್ಲ, ಪುಸ್ತಕ ಸಿಕ್ತು. ಯಾರ ಹಸಿವಿ ದೊಡ್ಡದು ಅಂತ ತೂಗಲಿಕ್ಕೆ ನನಗ ಬರೂದಿಲ್ಲ.

ಹಳ್ಳಿ ಕಡೆ ಬದಲಾವಣೆ ಇನ್ನೂ ಜೋರು ಅದ. 2019ರಾಗ ಗ್ರಾಮ ಪಂಚಾಯ್ತಿ ಲೈಬ್ರರಿಗಳನ್ನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಕೊಟ್ರು, ರಾಜ್ಯದಾಗ ಸುಮಾರು 5,600. ಮರುವರ್ಷ ಕೊರೊನಾ ಬಂದು ಸಾಲಿ ಮುಚ್ಚಿದ್ವು. ಆಗ, 2020ರ ಮಕ್ಕಳ ದಿನಾಚರಣೆಗೆ, ‘ಓದುವ ಬೆಳಕು’ ಅಂತ ಸುರು ಮಾಡಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ರು. ಈಗ ಅವಕ್ಕ ‘ಅರಿವು ಕೇಂದ್ರ’ ಅಂತಾರ. ನನ್ನ ತವರೂರಿನ್ಯಾಗೂ ಗ್ವಾಡಿಗೆ ಬಣ್ಣದ ಚಿತ್ರ ಬರದಾರ, ಒಂದು ಕಂಪ್ಯೂಟರ್ ಅದ. ನಮ್ಮಣ್ಣನ ಮೊಮ್ಮಗಳು ಅಲ್ಲೇ ಚದುರಂಗ ಕಲತು ಅವರಜ್ಜನ್ನ ಸೋಲಸ್ಯಾಳ. ವೈನಿ ಮಾತ್ರ ಇನ್ನೂ ಬಾಗಲದಾಗs ನಿಂತು ಹುಡುಗಿನ್ನ ಕರ್ಕೊಂಡು ಬರ್ತಾರ. ಯಾಕ್ರಿ ವೈನಿ, ಒಳಗ ಹೋಗ್ರಲಾ!

ಕಪಾಟಿನ ಕೀಲಿ ಹುಡುಕಲಿಕ್ಕೆ ಅರ್ಧ ತಾಸು ಬೇಕಾತು. ಪಾಪ, ಅವರೇ ಒರಸಿ ಕೊಟ್ರು. ಒಂದು ತ್ರಿವೇಣಿ ಕಾದಂಬರಿ ತೊಗೊಂಡೆ. ಹಿಂದಿನ ಚೀಟಿಯೊಳಗ ಕಡೀ ತಾರೀಖು 2009ರದು. ಅದರ ಕೆಳಗ ನಂದು ಬಿತ್ತು.

ನಾಕು ಮಂದಿ ಹೋಗಿ ಕೇಳಿದ್ರ ಆ ಕೀಲಿ ತಗೀತದ ಅಂತ ಅವರೇ ಹೇಳ್ಯಾರ. ಸೋಮವಾರ ರಜಾ ಇರ್ತದ. ನಾನು ಗುರುವಾರ ನಾಕಕ್ಕ ಹೊರಡ್ತೀನಿ, ಬರವರು ಆಧಾರ್ ಜೆರಾಕ್ಸ್, ಎರಡು ಫೋಟೋ ಇಟ್ಕೊಂಡು ನಮ್ಮ ಕಟ್ಟಿಗೆ ಬರ್ರಿ.